ಗಂಜ್‌ನ ತೊಗರಿ ಲೆಕ್ಕ ಜಾವಾ ಕಿಟಕಿಯಲ್ಲಿ: ಕ್ಲಾಸ್ ಫೈಲ್, ಪ್ಯಾಕೇಜ್, ಸ್ವಿಂಗ್

ಜಾವಾ ಕಲಿಯಲು ಕೂತ ಹೊಸಬರು ಹೆಚ್ಚಾಗಿ ಎಡವುವುದು ಫೋಲ್ಡರಿನಲ್ಲಿ. ಲೂಪ್ ಬರೆಯಲು ಬರುತ್ತೆ, ಇಫ್-ಎಲ್ಸ್ ಬರುತ್ತೆ. ‘ಇದನ್ನ ಒಂದು ಪ್ಯಾಕೇಜಿಗೆ ಹಾಕಿ’ ಅಂತ ಮೇಷ್ಟ್ರು ಅಂದರೆ ಸಾಕು, ನಿನ್ನೆ ಓಡುತ್ತಿದ್ದ ಪ್ರೋಗ್ರಾಂ ಇವತ್ತು ಓಡಲ್ಲ. ಕೋಡಿನಲ್ಲಿ ಒಂದಕ್ಷರ ತಪ್ಪಿರಲ್ಲ, ಆದರೂ ಪರದೆ ತುಂಬ ಎರರ್. ಅದಕ್ಕೇ ಈ ಲೇಖನದಲ್ಲಿ ‘ಯಾವ ಫೈಲ್ ಎಲ್ಲಿ ಕೂರುತ್ತೆ’ ಅನ್ನೋದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಅದು ಗೊತ್ತಾದರೆ ಬಟನ್ನು, ಕಿಟಕಿ ಎಲ್ಲ ಒಂದು ಸಂಜೆಯ ಕೆಲಸ.

ಬರೆದಿರುವುದು ಕಲಬುರಗಿ, ಬೀದರ್, ಯಾದಗಿರಿ ಕಡೆ ಡಿಪ್ಲೊಮಾ, ಬಿಸಿಎ, ಬಿಇ ಶುರು ಮಾಡಿದವರಿಗೆ. ಬ್ಯಾಂಕ್ ಅಕೌಂಟ್, ಸ್ಟೂಡೆಂಟ್ ಅಂತ ಎಲ್ಲ ಪುಸ್ತಕದಲ್ಲೂ ಇರುವ ಉದಾಹರಣೆ ಸಾಕಾಗಿದೆ, ಅಲ್ವಾ? ನಮ್ಮದು ತೊಗರಿ ಕಣಜ. 2019ರಲ್ಲಿ ಇಲ್ಲಿನ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಹಾಗಾಗಿ ಗಂಜ್‌ನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಚೀಲ ತೂಗಿ ಬೆಲೆ ಕಟ್ಟುವ ಲೆಕ್ಕವನ್ನೇ ಪ್ರೋಗ್ರಾಂ ಮಾಡೋಣ. ತೂಕ ಕೆಜಿಯಲ್ಲಿ, ದರ ಕ್ವಿಂಟಲಿಗೆ, ಅಂದರೆ 100 ಕೆಜಿಗೆ. ದರ 7000 ಅಂತ ಇಟ್ಟುಕೊಂಡಿರುವುದು ಲೆಕ್ಕ ಸುಲಭವಾಗಲಿ ಅಂತ ಅಷ್ಟೇ. ಇವತ್ತಿನ ಪೇಟೆ ಧಾರಣೆ ಅಂದುಕೊಳ್ಳಬೇಡಿ.

ಕೋಡ್ ಓದುವ ಬಗೆ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕೋಡನ್ನು ನಾವು ಕ್ಲಾಸಿನಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಬೇಕು. ದೊಡ್ಡಕ್ಷರ, ಚಿಕ್ಕಕ್ಷರದ ನಿಯಮ ನಾಲ್ಕೇ. ಪಬ್ಲಿಕ್, ಕ್ಲಾಸ್, ರಿಟರ್ನ್ ಥರದ ಕೀವರ್ಡ್‌ಗಳು ಪೂರ್ತಿ ಚಿಕ್ಕವು. ಪ್ಯಾಕೇಜಿನ ಹೆಸರುಗಳೂ ಹಾಗೇ. ಕ್ಲಾಸಿನ ಹೆಸರಿನಲ್ಲಿ ಪ್ರತಿ ಪದದ ಮೊದಲಕ್ಷರ ದೊಡ್ಡದು: ಜೆಫ್ರೇಮ್‌ನಲ್ಲಿ ಜೆ ಮತ್ತು ಎಫ್ ಎರಡೂ ದೊಡ್ಡವು. ಮೆಥಡ್ ಆದರೆ ಮೊದಲ ಪದ ಚಿಕ್ಕದು, ಮುಂದಿನ ಪದಗಳ ಮೊದಲಕ್ಷರ ದೊಡ್ಡದು (ಪ್ರಿಂಟ್‌ಎಲ್‌ಎನ್ ಮಾತ್ರ ಪೂರ್ತಿ ಚಿಕ್ಕದು). ಎಕ್ಸಿಟ್_ಆನ್_ಕ್ಲೋಸ್ ಥರದ ಸ್ಥಿರ ಹೆಸರು ಪೂರ್ತಿ ದೊಡ್ಡಕ್ಷರ.

ಚೀಲ, ಬೆಲೆ, ದರ ಅಂತ ನಾವೇ ಇಟ್ಟ ಹೆಸರುಗಳನ್ನು ನಿಜವಾಗಿಯೂ ಕನ್ನಡ ಲಿಪಿಯಲ್ಲೇ ಬರೆದರೂ ಜಾವಾ ಒಪ್ಪುತ್ತೆ. ಅದು ಯೂನಿಕೋಡ್ ಅಕ್ಷರಗಳನ್ನು ಹೆಸರಾಗಿ ತೆಗೆದುಕೊಳ್ಳುವ ಭಾಷೆ. ಆದರೂ ನಾನು ಬೇಡ ಅಂತೀನಿ. ಕ್ಲಾಸಿನ ಹೆಸರೇ ಫೈಲಿನ ಹೆಸರೂ ಆಗುತ್ತೆ. ಫೈಲಿಗೆ ಕನ್ನಡ ಹೆಸರಿದ್ದು, ಅದನ್ನು ಜಿಪ್ ಮಾಡಿ ಇನ್ನೊಂದು ಕಂಪ್ಯೂಟರಿಗೆ ಕಳಿಸಿದರೆ ಕೆಲವೊಮ್ಮೆ ಹೆಸರೇ ಕೆಟ್ಟುಹೋಗಿರುತ್ತೆ. ಪರದೆ ಮೇಲೆ ಕಾಣುವ ಮಾತು ಕನ್ನಡದಲ್ಲಿರಲಿ, ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿರಲಿ.

ಜಾವಾ ಹಾಕಿಕೊಳ್ಳುವುದು

ಜೆಡಿಕೆ 21 ಹಾಕಿ. ಜೆಡಿಕೆ ಅಂದರೆ ಜಾವಾ ಕೋಡನ್ನು ಕಂಪೈಲ್ ಮಾಡಿ ಓಡಿಸುವ ಸಲಕರಣೆಗಳ ಕಟ್ಟು. 2023ರಲ್ಲಿ ಬಂದದ್ದು, ಹಲವು ವರ್ಷ ಅಪ್‌ಡೇಟ್ ಸಿಗುವ ಆವೃತ್ತಿ. ಎಕ್ಲಿಪ್ಸ್ ಅಡಾಪ್ಟಿಯಮ್‌ನವರ ಟೆಮುರಿನ್ ಅನ್ನೋ ಜೆಡಿಕೆ ಪುಕ್ಕಟೆ ಸಿಗುತ್ತೆ. ಇನ್‌ಸ್ಟಾಲರ್ 150 ಎಂಬಿಗಿಂತ ಜಾಸ್ತಿ ಇದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇಳಿಸೋರು ಅವತ್ತಿನ ಡೇಟಾ ಎಷ್ಟು ಉಳಿದಿದೆ ಅಂತ ನೋಡಿಕೊಳ್ಳಿ. ಕರೆಂಟ್ ಹೋಗುವ ಹೊತ್ತಲ್ಲಿ ಶುರು ಮಾಡಬೇಡಿ.

ಹಾಕಿದ ಮೇಲೆ ಹೊಸ ಕಮಾಂಡ್ ವಿಂಡೋ ತೆರೆದು ಜಾವಾಸಿಯನ್ನು, ಅಂದರೆ ಜಾವಾ ಕಂಪೈಲರನ್ನು, ಹೀಗೆ ಕೇಳಿ:

    ಜಾವಾಸಿ -ವರ್ಷನ್

21 ಅಂತ ಬಂದರೆ ಸರಿ. ‘ಜಾವಾ’ ಉತ್ತರ ಕೊಟ್ಟು ‘ಜಾವಾಸಿ’ ಮಾತ್ರ ಗೊತ್ತಿಲ್ಲ ಅಂದರೆ, ಒಂದೋ ನಿಮ್ಮ ಹತ್ತಿರ ಬರೀ ಓಡಿಸುವ ಭಾಗ ಇದೆ, ಇಲ್ಲಾ ಪಾತ್ (ಕಮಾಂಡ್‌ಗಳನ್ನು ಕಂಪ್ಯೂಟರ್ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಸರಿ ಇಲ್ಲ. ಇನ್‌ಸ್ಟಾಲರನ್ನು ಮತ್ತೆ ನಡೆಸಿ, ಪಾತ್‌ಗೆ ಸೇರಿಸು ಅನ್ನೋ ಆಯ್ಕೆ ಇದೆಯಾ ನೋಡಿ.

ಎಕ್ಲಿಪ್ಸ್, ನೆಟ್‌ಬೀನ್ಸ್, ಇಂಟೆಲಿಜೆ ಥರದ ಕೋಡ್ ಬರೆಯುವ ಸಾಫ್ಟ್‌ವೇರ್ ಯಾವುದನ್ನೂ ಈಗಲೇ ತೆರೆಯಬೇಡಿ. ಅವು ಫೋಲ್ಡರಿನ ಕೆಲಸವನ್ನೆಲ್ಲ ತಾವೇ ಮಾಡಿ ಮುಚ್ಚಿಡುತ್ತವೆ. ನಮಗೆ ಬೇಕಾಗಿರುವುದೇ ಅದನ್ನು ನೋಡುವುದು. ನೋಟ್‌ಪ್ಯಾಡ್ ಸಾಕು. ವಿಂಡೋಸ್‌ನಲ್ಲಿ ಫೈಲ್ ಎಕ್ಸ್‌ಟೆನ್ಷನ್ ತೋರಿಸುವ ಆಯ್ಕೆ ಮಾತ್ರ ಆನ್ ಮಾಡಿಕೊಳ್ಳಿ. ಇಲ್ಲದಿದ್ದರೆ ‘ಚೀಲ.ಜಾವಾ’ ಅಂತ ಸೇವ್ ಮಾಡಿದ್ದು ಒಳಗೊಳಗೇ ‘ಚೀಲ.ಜಾವಾ.ಟಿಎಕ್ಸ್‌ಟಿ’ ಆಗಿ ಕೂತಿರುತ್ತೆ.

ಮೊದಲ ಕ್ಲಾಸ್

‘ಕೆಲಸ’ ಅಂತ ಒಂದು ಫೋಲ್ಡರ್ ಮಾಡಿ. ಅದರೊಳಗೆ ಈ ಫೈಲ್ ಇಡಿ, ಹೆಸರು ‘ಚೀಲ.ಜಾವಾ’:

    ಪಬ್ಲಿಕ್ ಕ್ಲಾಸ್ ಚೀಲ {
        ಪ್ರೈವೇಟ್ ಡಬಲ್ ಕೆಜಿ;

        ಪಬ್ಲಿಕ್ ಚೀಲ(ಡಬಲ್ ಕೆಜಿ) {
            ದಿಸ್.ಕೆಜಿ = ಕೆಜಿ;
        }

        ಪಬ್ಲಿಕ್ ಡಬಲ್ ಬೆಲೆ(ಡಬಲ್ ದರ) {
            ರಿಟರ್ನ್ ಕೆಜಿ / 100 * ದರ;
        }

        ಪಬ್ಲಿಕ್ ಸ್ಟಾಟಿಕ್ ವಾಯ್ಡ್ ಮೇನ್(ಸ್ಟ್ರಿಂಗ್[] ಆರ್ಗ್ಸ್) {
            ಚೀಲ ಒಂದು = ನ್ಯೂ ಚೀಲ(50);
            ಸಿಸ್ಟಂ.ಔಟ್.ಪ್ರಿಂಟ್‌ಎಲ್‌ಎನ್(ಒಂದು.ಬೆಲೆ(7000));
        }
    }

ಕಮಾಂಡ್ ವಿಂಡೋದಲ್ಲಿ ‘ಕೆಲಸ’ ಫೋಲ್ಡರಿಗೆ ಹೋಗಿ:

    ಜಾವಾಸಿ ಚೀಲ.ಜಾವಾ
    ಜಾವಾ ಚೀಲ

3500.0 ಅಂತ ಬರುತ್ತೆ. ಕಂಪೈಲ್ ಮಾಡುವಾಗ ಫೈಲಿನ ಹೆಸರು ಪೂರ್ತಿ ಕೊಟ್ಟೆವು. ಓಡಿಸುವಾಗ ಬರೀ ಕ್ಲಾಸಿನ ಹೆಸರು. ಎರಡನೆಯದು ಫೈಲಿನ ಹೆಸರಲ್ಲ ಅನ್ನೋದನ್ನು ಈಗಲೇ ಗಟ್ಟಿ ಮಾಡಿಕೊಳ್ಳಿ, ಪ್ಯಾಕೇಜಿಗೆ ಬಂದಾಗ ಬೇಕಾಗುತ್ತೆ.

ಒಂದು ಪ್ರಯೋಗ ಮಾಡಿ. ಮೇಲಿನ ಕೋಡಿನಲ್ಲಿ ಡಬಲ್ ಇರುವಲ್ಲೆಲ್ಲ ಇಂಟ್ ಅಂತ ಹಾಕಿ ಮತ್ತೆ ಓಡಿಸಿ. ಉತ್ತರ 0. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ರೈತನಿಗೆ ಸೊನ್ನೆ ರೂಪಾಯಿ! ಇಂಟ್‌ನಲ್ಲಿ 50ನ್ನು 100ರಿಂದ ಭಾಗಿಸಿದರೆ ದಶಾಂಶ ಉದುರಿ 0 ಆಗುತ್ತೆ, ಆಮೇಲೆ ಎಷ್ಟರಿಂದ ಗುಣಿಸಿದರೂ 0ಯೇ. ಚೀಲ 150 ಕೆಜಿ ಇದ್ದಿದ್ದರೆ 10500 ಬರಬೇಕಾದ ಕಡೆ 7000 ಬಂದು, ಯಾರಿಗೂ ಅನುಮಾನವೇ ಬರುತ್ತಿರಲಿಲ್ಲ. ನೋಡಿಯಾದ ಮೇಲೆ ಡಬಲ್‌ಗೆ ವಾಪಸ್ ಬನ್ನಿ.

ಡಾಟ್ ಕ್ಲಾಸ್ ಅಂದರೆ ಏನು

ಈಗ ಫೋಲ್ಡರಿನಲ್ಲಿ ‘ಚೀಲ.ಕ್ಲಾಸ್’ ಅಂತ ಹೊಸ ಫೈಲ್ ಬಂದಿರುತ್ತೆ. ಸಿ ಕಲಿತು ಬಂದವರಿಗೆ ಡಾಟ್ ಓ ಅಥವಾ ಡಾಟ್ ಓಬಿಜೆ ಆಬ್ಜೆಕ್ಟ್ ಫೈಲ್ ನೆನಪಿರಬಹುದು. ಜಾವಾದಲ್ಲಿ ಆ ಜಾಗದಲ್ಲಿರುವುದು ಈ ಕ್ಲಾಸ್ ಫೈಲ್. ಸಿಯಲ್ಲಿ ಆಬ್ಜೆಕ್ಟ್ ಫೈಲ್‌ಗಳನ್ನೆಲ್ಲ ಲಿಂಕರ್ ಸೇರಿಸಿ ಒಂದೇ ಎಕ್ಸಿಕ್ಯೂಟಬಲ್ ಮಾಡುತ್ತೆ. ಇಲ್ಲಿ ಆ ಹೆಜ್ಜೆ ಇಲ್ಲ. ಪ್ರೋಗ್ರಾಂ ಓಡುತ್ತಿರುವಾಗ, ಯಾವ ಕ್ಲಾಸ್ ಬೇಕೋ ಅದರ ಫೈಲನ್ನು ಜೆವಿಎಂ (ಜಾವಾ ಪ್ರೋಗ್ರಾಂ ಓಡಿಸುವ ಭಾಗ) ಆಗ ಹುಡುಕಿ ತರುತ್ತೆ. ಹುಡುಕುವುದು ಅಂದಮೇಲೆ ಎಲ್ಲಿ ಹುಡುಕಬೇಕು ಅನ್ನೋ ಪ್ರಶ್ನೆ ಬರುತ್ತೆ. ಫೋಲ್ಡರಿನ ತಾಪತ್ರಯವೆಲ್ಲ ಶುರುವಾಗುವುದೇ ಇಲ್ಲಿಂದ.

ಇನ್ನು ‘ನ್ಯೂ ಚೀಲ(50)’ ಅಂದಾಗ ಹುಟ್ಟುವ ಆಬ್ಜೆಕ್ಟ್ ಫೈಲಲ್ಲ. ಅದು ಪ್ರೋಗ್ರಾಂ ಓಡುವಷ್ಟು ಹೊತ್ತು ಮೆಮೊರಿಯಲ್ಲಿರುವ ವಸ್ತು. ನೂರು ಚೀಲ ಮಾಡಿದರೂ ಡಿಸ್ಕಿನಲ್ಲಿ ‘ಚೀಲ.ಕ್ಲಾಸ್’ ಒಂದೇ.

ಕ್ಲಾಸ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಏನೂ ಅರ್ಥವಾಗಲ್ಲ. ಪವರ್‌ಶೆಲ್‌ನಲ್ಲಿ ‘ಫಾರ್ಮ್ಯಾಟ್-ಹೆಕ್ಸ್ ಚೀಲ.ಕ್ಲಾಸ್’ ಕೊಟ್ಟು ನೋಡಿ. ಮೊದಲ ನಾಲ್ಕು ಬೈಟ್ ಯಾವಾಗಲೂ ‘ಸಿಎ ಎಫ್‌ಇ ಬಿಎ ಬಿಇ’. ಒಟ್ಟಿಗೆ ಓದಿದರೆ ‘ಕೆಫೆ ಬೇಬ್’. ಜಾವಾ ಮಾಡಿದ ಜೇಮ್ಸ್ ಗಾಸ್ಲಿಂಗ್ ಮತ್ತು ಸಂಗಡಿಗರ ತಮಾಷೆ, ಇವತ್ತಿಗೂ ಪ್ರತಿ ಕ್ಲಾಸ್ ಫೈಲಿನ ತಲೆ ಮೇಲೆ ಕೂತಿದೆ.

ಅದರ ಆಚೆ ಆವೃತ್ತಿಯ ಸಂಖ್ಯೆ ಇರುತ್ತೆ. ಇದು ಸುಮ್ನೆ ತಿಳಿದುಕೊಳ್ಳುವ ವಿಷಯ ಅಲ್ಲ. ಜಾವಾ ಆವೃತ್ತಿಗೆ 44 ಕೂಡಿಸಿದರೆ ಆ ಸಂಖ್ಯೆ ಬರುತ್ತೆ: ಜಾವಾ 8ಕ್ಕೆ 52, 17ಕ್ಕೆ 61, 21ಕ್ಕೆ 65. ಮನೆಯಲ್ಲಿ 21ರಲ್ಲಿ ಕಂಪೈಲ್ ಮಾಡಿ, ಪೆನ್‌ಡ್ರೈವ್‌ನಲ್ಲಿ ಕ್ಲಾಸ್ ಫೈಲ್ ತಂದು, ಜಾವಾ 8 ಇರುವ ಲ್ಯಾಬಿನಲ್ಲಿ ಓಡಿಸಿದರೆ ‘ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್’ ಅಂತ ಎರರ್ ಬಂದು, 65.0 ಮತ್ತು 52.0 ಅನ್ನೋ ಎರಡು ಅಂಕಿ ಕಾಣುತ್ತವೆ. ಈಗ ಆ ಅಂಕಿ ನಿಮಗೆ ಓದಲು ಬರುತ್ತೆ. ಪರಿಹಾರ: ಸೋರ್ಸ್ ಫೈಲನ್ನೇ ಒಯ್ದು ಅಲ್ಲಿ ಕಂಪೈಲ್ ಮಾಡಿ, ಇಲ್ಲವೇ ಮನೆಯಲ್ಲೇ ‘ಜಾವಾಸಿ --ರಿಲೀಸ್ 8’ ಅಂತ ಕೊಡಿ. ಇದು ಹಳೆಯದು ಅಂತ ಒಂದು ಎಚ್ಚರಿಕೆ ಬರುತ್ತೆ, ಕೆಲಸ ಆಗುತ್ತೆ.

ಪ್ಯಾಕೇಜ್

ನಮ್ಮ ಕಡೆ ಬೀದಿಯಲ್ಲಿ ನಿಂತು ‘ಶರಣಪ್ಪಾ’ ಅಂತ ಕೂಗಿದರೆ ಮೂವರು ತಿರುಗಿ ನೋಡುತ್ತಾರೆ. ಯಾವ ಓಣಿ ಶರಣಪ್ಪ ಅಂತ ಹೇಳಲೇಬೇಕು. ಪ್ಯಾಕೇಜ್ ಅಂದರೆ ಆ ಓಣಿ. ಜಾವಾದ ಜೊತೆಯೇ ಬರುವ ಕ್ಲಾಸುಗಳಲ್ಲೂ ಈ ತೊಂದರೆ ಇದೆ. ‘ಜಾವಾ.ಯುಟಿಲ್’ನಲ್ಲಿ ಒಂದು ಲಿಸ್ಟ್, ‘ಜಾವಾ.ಎಡಬ್ಲ್ಯುಟಿ’ಯಲ್ಲಿ ಇನ್ನೊಂದು ಲಿಸ್ಟ್. ಎರಡೂ ಪ್ಯಾಕೇಜನ್ನು ನಕ್ಷತ್ರ ಹಾಕಿ ಇಂಪೋರ್ಟ್ ಮಾಡಿ ಲಿಸ್ಟ್ ಅಂತ ಬರೆದರೆ, ಯಾವುದು ಅಂತ ಗೊತ್ತಾಗಲ್ಲ ಅಂತ ಕಂಪೈಲರ್ ನಿಂತುಬಿಡುತ್ತೆ. ಅದಕ್ಕೇ ಬೇಕಾದ ಕ್ಲಾಸನ್ನು ಹೆಸರು ಹಿಡಿದು ಇಂಪೋರ್ಟ್ ಮಾಡುವ ರೂಢಿ ಒಳ್ಳೆಯದು.

ಈಗ ‘ಚೀಲ.ಜಾವಾ’ದ ಮೊಟ್ಟಮೊದಲ ಸಾಲಾಗಿ ಇದನ್ನು ಸೇರಿಸಿ:

    ಪ್ಯಾಕೇಜ್ ಗಂಜ್.ಲೆಕ್ಕ;

ಮತ್ತೇನೂ ಬದಲಿಸದೆ ಹಳೆಯ ಎರಡು ಕಮಾಂಡ್ ಕೊಡಿ. ಕಂಪೈಲ್ ಆಗುತ್ತೆ, ಓಡಲ್ಲ. ಎರರಿನ ಕೊನೆಯಲ್ಲಿ ‘ರಾಂಗ್ ನೇಮ್’ ಅನ್ನೋ ಮಾತು ಇರುತ್ತೆ. ಬೇಕಂತಲೇ ಮಾಡಿಸಿದೆ. ಪರೀಕ್ಷೆಯ ದಿನ ಮೊದಲ ಸಲ ನೋಡುವುದಕ್ಕಿಂತ ಇವತ್ತೇ ನೋಡಿಬಿಡುವುದು ವಾಸಿ.

ಆಗಿದ್ದು ಇಷ್ಟೇ. ಆ ಸಾಲು ಬಂದಮೇಲೆ ಕ್ಲಾಸಿನ ಪೂರ್ತಿ ಹೆಸರು ‘ಗಂಜ್.ಲೆಕ್ಕ.ಚೀಲ’ ಆಯಿತು. ಆ ಹೆಸರಿನ ಕ್ಲಾಸ್ ‘ಗಂಜ್’ ಫೋಲ್ಡರಿನೊಳಗಿನ ‘ಲೆಕ್ಕ’ ಫೋಲ್ಡರಿನಲ್ಲಿ ಇರಬೇಕು ಅಂತ ಜೆವಿಎಂ ನಿರೀಕ್ಷೆ. ನಾವೋ ಅದನ್ನು ಹೊರಗೆ ಬಿಟ್ಟು, ಅರ್ಧ ಹೆಸರಿನಿಂದ ಕರೆದೆವು.

ಸರಿಪಡಿಸೋಣ. ‘ಕೆಲಸ’ದೊಳಗೆ ‘ಸೋರ್ಸ್’ ಮತ್ತು ‘ಔಟ್’ ಅಂತ ಎರಡು ಫೋಲ್ಡರ್ ಮಾಡಿ. ಸೋರ್ಸ್ ಒಳಗೆ ಗಂಜ್, ಅದರೊಳಗೆ ಲೆಕ್ಕ, ಅದರೊಳಗೆ ‘ಚೀಲ.ಜಾವಾ’. ಹಳೆಯ ‘ಚೀಲ.ಕ್ಲಾಸ್’ ಅಳಿಸಿಬಿಡಿ, ಇದನ್ನು ಮರೆತರೆ ಹಳೇ ಫೈಲೇ ಓಡಿ ದಾರಿ ತಪ್ಪಿಸುವುದುಂಟು. ‘ಕೆಲಸ’ದಲ್ಲೇ ನಿಂತು ಹೀಗೆ ಕೊಡಿ:

    ಜಾವಾಸಿ -ಡಿ ಔಟ್ ಸೋರ್ಸ್/ಗಂಜ್/ಲೆಕ್ಕ/ಚೀಲ.ಜಾವಾ
    ಜಾವಾ -ಸಿಪಿ ಔಟ್ ಗಂಜ್.ಲೆಕ್ಕ.ಚೀಲ

‘-ಡಿ ಔಟ್’ ಅಂದರೆ ಕ್ಲಾಸ್ ಫೈಲ್‌ಗಳನ್ನು ಔಟ್‌ನಲ್ಲಿ ಇಡು ಅಂತ. ಒಳಗಿನ ಗಂಜ್, ಲೆಕ್ಕ ಫೋಲ್ಡರ್‌ಗಳನ್ನು ಜಾವಾಸಿ ತಾನೇ ಮಾಡುತ್ತೆ. ‘-ಸಿಪಿ ಔಟ್’ ಅಂದರೆ ಹುಡುಕುವುದನ್ನು ಔಟ್‌ನಿಂದ ಶುರು ಮಾಡು ಅಂತ, ಇದೇ ಕ್ಲಾಸ್‌ಪಾತ್. ಕ್ಲಾಸ್‌ಪಾತ್ ಯಾವಾಗಲೂ ಪ್ಯಾಕೇಜಿನ ಮೊದಲ ಫೋಲ್ಡರಿಗಿಂತ ಒಂದು ಮೆಟ್ಟಿಲು ಮೇಲೆ ನಿಲ್ಲುತ್ತೆ. ‘-ಸಿಪಿ ಔಟ್/ಗಂಜ್/ಲೆಕ್ಕ’ ಅಂತ ಒಳಗಿನವರೆಗೂ ತೋರಿಸಿದರೆ ಜಾಸ್ತಿ ಸಹಾಯ ಮಾಡಿದಂತೆ ಅನಿಸುತ್ತೆ, ಆದರೆ ಹಾಗೆ ಮಾಡಿದರೆ ಓಡಲ್ಲ.

ಇನ್ನೆರಡು ಸಣ್ಣ ವಿಷಯ. ಕ್ಲಾಸಿಗೆ ಪಬ್ಲಿಕ್ ಹಾಕದಿದ್ದರೆ ಅದೇ ಪ್ಯಾಕೇಜಿನವರಿಗೆ ಮಾತ್ರ ಕಾಣುತ್ತೆ, ಹೊರಗಿನವರಿಗೆ ಇಲ್ಲ. ಪ್ಯಾಕೇಜ್ ಸಾಲೇ ಇಲ್ಲದ ಕ್ಲಾಸನ್ನು ಪ್ಯಾಕೇಜಿನೊಳಗಿನ ಕ್ಲಾಸಿಗೆ ಇಂಪೋರ್ಟ್ ಮಾಡಲು ಬರಲ್ಲ. ಹಾಗಾಗಿ ಎರಡನೇ ಫೈಲ್ ಬರೆಯುವ ಹೊತ್ತಿಗೆ ಎಲ್ಲಕ್ಕೂ ಪ್ಯಾಕೇಜ್ ಕೊಟ್ಟುಬಿಡಿ.

ಕಿಟಕಿ ತೆರೆಯೋಣ

ಜಾವಾದಲ್ಲಿ ಕಿಟಕಿ ಮಾಡಲು ಮೊದಲು ಬಂದದ್ದು ಎಡಬ್ಲ್ಯುಟಿ. ಅದು ವಿಂಡೋಸ್ ಅಥವಾ ಲಿನಕ್ಸ್‌ನ ಸ್ವಂತ ಬಟನ್‌ಗಳನ್ನೇ ಬಳಸುತ್ತೆ. 1998ರಲ್ಲಿ ಜಾವಾ 1.2ರ ಜೊತೆ ಸ್ವಿಂಗ್ ಬಂತು. ಅದು ಬಟನ್ನನ್ನೂ ಪಟ್ಟಿಯನ್ನೂ ತಾನೇ ಬಿಡಿಸುತ್ತೆ. ಸ್ವಿಂಗ್ ಹಳೆಯದು, ನಿಜ. ಆದರೆ ಜೆಡಿಕೆಯ ಒಳಗೇ ಇದೆ, ಬೇರೆ ಏನೂ ಇಳಿಸಬೇಕಿಲ್ಲ. ಕಿಟಕಿ ಮಾಡಲು ಆಮೇಲೆ ಬಂದ ಜಾವಾಎಫ್‌ಎಕ್ಸ್ ಚೆನ್ನಾಗಿದೆ, ಆದರೆ ಜಾವಾ 11ರಿಂದ ಅದು ಜೆಡಿಕೆಯಿಂದ ಹೊರಗೆ. ಹಳೇ ಪುಸ್ತಕದಲ್ಲಿ ಆಪ್ಲೆಟ್ (ಬ್ರೌಸರಿನೊಳಗೆ ಓಡುತ್ತಿದ್ದ ಜಾವಾ ಪ್ರೋಗ್ರಾಂ) ಪಾಠ ಕಂಡರೆ ದಾಟಿ ಮುಂದೆ ಹೋಗಿ. ಅದನ್ನು ಓಡಿಸಿ ನೋಡುವ ಆಪ್ಲೆಟ್‌ವ್ಯೂವರ್ ಕೂಡ ಜಾವಾ 11ರಲ್ಲೇ ಹೋಯಿತು.

‘ಸೋರ್ಸ್/ಗಂಜ್’ನಲ್ಲಿ ‘ಕಿಟಕಿ’ ಅಂತ ಫೋಲ್ಡರ್ ಮಾಡಿ, ‘ಅಂಗಡಿ.ಜಾವಾ’ ಬರೆಯಿರಿ:

    ಪ್ಯಾಕೇಜ್ ಗಂಜ್.ಕಿಟಕಿ;

    ಇಂಪೋರ್ಟ್ ಗಂಜ್.ಲೆಕ್ಕ.ಚೀಲ;
    ಇಂಪೋರ್ಟ್ ಜಾವಾ.ಎಡಬ್ಲ್ಯುಟಿ.ಗ್ರಿಡ್‌ಲೇಔಟ್;
    ಇಂಪೋರ್ಟ್ ಜಾವಾಎಕ್ಸ್.ಸ್ವಿಂಗ್.*;

    ಪಬ್ಲಿಕ್ ಕ್ಲಾಸ್ ಅಂಗಡಿ {
        ಪಬ್ಲಿಕ್ ಸ್ಟಾಟಿಕ್ ವಾಯ್ಡ್ ಮೇನ್(ಸ್ಟ್ರಿಂಗ್[] ಆರ್ಗ್ಸ್) {
            ಸ್ವಿಂಗ್‌ಯುಟಿಲಿಟೀಸ್.ಇನ್ವೋಕ್‌ಲೇಟರ್(() -> ತೋರಿಸು());
        }

        ಸ್ಟಾಟಿಕ್ ವಾಯ್ಡ್ ತೋರಿಸು() {
            ಜೆಫ್ರೇಮ್ ಫ್ರೇಮ್ = ನ್ಯೂ ಜೆಫ್ರೇಮ್("ತೊಗರಿ ಲೆಕ್ಕ");
            ಜೆಟೆಕ್ಸ್ಟ್‌ಫೀಲ್ಡ್ ತೂಕ = ನ್ಯೂ ಜೆಟೆಕ್ಸ್ಟ್‌ಫೀಲ್ಡ್(10);
            ಜೆಟೆಕ್ಸ್ಟ್‌ಫೀಲ್ಡ್ ದರ = ನ್ಯೂ ಜೆಟೆಕ್ಸ್ಟ್‌ಫೀಲ್ಡ್(10);
            ಜೆಬಟನ್ ಬಟನ್ = ನ್ಯೂ ಜೆಬಟನ್("ಲೆಕ್ಕ ಹಾಕು");
            ಜೆಲೇಬಲ್ ಉತ್ತರ = ನ್ಯೂ ಜೆಲೇಬಲ್("₹ 0");

            ಬಟನ್.ಆಡ್‌ಆಕ್ಷನ್‌ಲಿಸನರ್(ಇ -> {
                ಡಬಲ್ ಕೆಜಿ = ಡಬಲ್.ಪಾರ್ಸ್‌ಡಬಲ್(ತೂಕ.ಗೆಟ್‌ಟೆಕ್ಸ್ಟ್());
                ಡಬಲ್ ರೂ = ಡಬಲ್.ಪಾರ್ಸ್‌ಡಬಲ್(ದರ.ಗೆಟ್‌ಟೆಕ್ಸ್ಟ್());
                ಉತ್ತರ.ಸೆಟ್‌ಟೆಕ್ಸ್ಟ್("₹ " + ನ್ಯೂ ಚೀಲ(ಕೆಜಿ).ಬೆಲೆ(ರೂ));
            });

            ಫ್ರೇಮ್.ಸೆಟ್‌ಲೇಔಟ್(ನ್ಯೂ ಗ್ರಿಡ್‌ಲೇಔಟ್(3, 2, 8, 8));
            ಫ್ರೇಮ್.ಆಡ್(ನ್ಯೂ ಜೆಲೇಬಲ್("ತೂಕ, ಕೆಜಿ"));
            ಫ್ರೇಮ್.ಆಡ್(ತೂಕ);
            ಫ್ರೇಮ್.ಆಡ್(ನ್ಯೂ ಜೆಲೇಬಲ್("ದರ, ಕ್ವಿಂಟಲಿಗೆ"));
            ಫ್ರೇಮ್.ಆಡ್(ದರ);
            ಫ್ರೇಮ್.ಆಡ್(ಬಟನ್);
            ಫ್ರೇಮ್.ಆಡ್(ಉತ್ತರ);

            ಫ್ರೇಮ್.ಸೆಟ್‌ಡಿಫಾಲ್ಟ್‌ಕ್ಲೋಸ್‌ಆಪರೇಷನ್(ಜೆಫ್ರೇಮ್.ಎಕ್ಸಿಟ್_ಆನ್_ಕ್ಲೋಸ್);
            ಫ್ರೇಮ್.ಪ್ಯಾಕ್();
            ಫ್ರೇಮ್.ಸೆಟ್‌ವಿಸಿಬಲ್(ಟ್ರೂ);
        }
    }

‘ಡಬಲ್.ಪಾರ್ಸ್‌ಡಬಲ್’ನಲ್ಲಿ ಮೊದಲ ಡಬಲ್ ಕ್ಲಾಸಿನ ಹೆಸರು, ಡಿ ದೊಡ್ಡದು. ಸಾಲಿನ ಶುರುವಿನ ಡಬಲ್ ಕೀವರ್ಡ್, ಡಿ ಚಿಕ್ಕದು. ಈಗ ‘ಕೆಲಸ’ದಲ್ಲಿ ನಿಂತು:

    ಜಾವಾಸಿ -ಡಿ ಔಟ್ ಸೋರ್ಸ್/ಗಂಜ್/ಲೆಕ್ಕ/ಚೀಲ.ಜಾವಾ ಸೋರ್ಸ್/ಗಂಜ್/ಕಿಟಕಿ/ಅಂಗಡಿ.ಜಾವಾ
    ಜಾವಾ -ಸಿಪಿ ಔಟ್ ಗಂಜ್.ಕಿಟಕಿ.ಅಂಗಡಿ

ಮೂರು ಸಾಲಿನ ಸಣ್ಣ ಕಿಟಕಿ ತೆರೆಯುತ್ತೆ. 50, 7000 ಹಾಕಿ ಬಟನ್ ಒತ್ತಿ.

ಎಕ್ಸಿಟ್_ಆನ್_ಕ್ಲೋಸ್ ಸಾಲು ಬಿಟ್ಟರೆ, ಕಿಟಕಿ ಮುಚ್ಚಿದರೂ ಪ್ರೋಗ್ರಾಂ ಒಳಗೆ ಓಡುತ್ತಲೇ ಇರುತ್ತೆ. ಜೆಫ್ರೇಮ್ ತಾನಾಗಿ ಮಾಡುವುದು ಬರೀ ಮರೆಯಾಗುವುದು. ಸೆಟ್‌ಲೇಔಟ್ ಸಾಲು ಬಿಟ್ಟರೆ ಇನ್ನೂ ಮಜಾ: ಆರು ವಸ್ತು ಹಾಕಿದ್ದರೂ ಉತ್ತರದ ಲೇಬಲ್ ಒಂದೇ ಕಾಣುತ್ತೆ. ಜೆಫ್ರೇಮಿನ ಮೂಲ ಲೇಔಟ್ ಬಾರ್ಡರ್‌ಲೇಔಟ್. ಜಾಗ ಹೇಳದೆ ಹಾಕಿದ್ದೆಲ್ಲ ಅದರ ನಡುವಿನ ಜಾಗಕ್ಕೇ ಹೋಗುತ್ತೆ, ಅಲ್ಲಿ ಕೊನೆಯದಕ್ಕೆ ಮಾತ್ರ ಜಾಗ. ಸೆಟ್‌ವಿಸಿಬಲ್ ಯಾವಾಗಲೂ ಕೊನೆಗೆ ಇರಲಿ.

ಇನ್ವೋಕ್‌ಲೇಟರ್ ಯಾಕೆ ಅಂತ ಕೇಳುವವರಿಗೆ: ಸ್ವಿಂಗ್‌ನಲ್ಲಿ ಪರದೆ ಬಿಡಿಸುವುದು, ಬಟನ್ ಒತ್ತಿದ್ದನ್ನು ಕೇಳುವುದು ಎಲ್ಲ ಒಂದೇ ಥ್ರೆಡ್‌ನ ಕೆಲಸ. ಥ್ರೆಡ್ ಅಂದರೆ ಪ್ರೋಗ್ರಾಂ ಒಳಗೆ ಒಂದಾದ ಮೇಲೊಂದು ಕೆಲಸ ಮಾಡುವ ಒಬ್ಬ ಆಳು ಇದ್ದ ಹಾಗೆ. ಕಿಟಕಿ ಕಟ್ಟುವ ಕೆಲಸವನ್ನೂ ಅದಕ್ಕೇ ಒಪ್ಪಿಸುತ್ತಿದ್ದೇವೆ. ಬಟನ್ನಿನ ಕೋಡಿನಲ್ಲಿ ಹತ್ತು ಸೆಕೆಂಡಿನ ಕೆಲಸ ಇಟ್ಟರೆ ಇಡೀ ಕಿಟಕಿ ಹತ್ತು ಸೆಕೆಂಡು ಹೆಪ್ಪುಗಟ್ಟುವುದೂ ಇದರಿಂದಲೇ.

ಕನ್ನಡ ಅಕ್ಷರ ಕೆಟ್ಟು ಕಂಡರೆ ಎರಡು ಬಗೆ. ಅರ್ಥವಿಲ್ಲದ ಚಿಹ್ನೆ ಬಂದರೆ ಅದು ಎನ್‌ಕೋಡಿಂಗ್ (ಅಕ್ಷರವನ್ನು ಫೈಲಿನಲ್ಲಿ ಬರೆದಿಡುವ ಬಗೆ) ತಪ್ಪು. ಫೈಲನ್ನು ಯುಟಿಎಫ್-8ರಲ್ಲಿ ಸೇವ್ ಮಾಡಿ. ಜಾವಾ 18ರಿಂದ ಈಚೆಗೆ ಅಷ್ಟೇ ಸಾಕು. ಅದಕ್ಕಿಂತ ಹಳೆಯದಾದರೆ ಜಾವಾಸಿಗೆ ‘-ಎನ್‌ಕೋಡಿಂಗ್ ಯುಟಿಎಫ್-8’ ಅಂತಲೂ ಕೊಡಬೇಕು. ಖಾಲಿ ಚೌಕ ಬಂದರೆ ಅದು ಫಾಂಟ್ ತೊಂದರೆ. ವಿಂಡೋಸ್‌ನಲ್ಲಿ ‘ನಿರ್ಮಲಾ ಯುಐ’, ಲಿನಕ್ಸ್‌ನಲ್ಲಿ ‘ನೋಟೊ ಸ್ಯಾನ್ಸ್ ಕನ್ನಡ’ ಫಾಂಟನ್ನು ಸೆಟ್‌ಫಾಂಟ್‌ನಿಂದ ಕೊಡಿ.

ಬಳಸುವವರು ಮಾಡುವ ತರಲೆ

ತೂಕದ ಜಾಗದಲ್ಲಿ ‘50 ಕೆಜಿ’ ಅಂತ ಬರೆದು ಬಟನ್ ಒತ್ತಿ. ಏನೂ ಆಗಲ್ಲ. ಬಟನ್ ಸತ್ತಿದೆ ಅನಿಸುತ್ತೆ. ನಿಜವಾಗಿ ‘ನಂಬರ್ ಫಾರ್ಮ್ಯಾಟ್ ಎಕ್ಸೆಪ್ಷನ್’ ಬಂದು ಹಿಂದಿನ ಕಪ್ಪು ಕಮಾಂಡ್ ವಿಂಡೋದಲ್ಲಿ ಉದ್ದಕ್ಕೆ ಬಿದ್ದಿರುತ್ತೆ. ಅಂಗಡಿಯಲ್ಲಿ ಕೂತವರು ಅದನ್ನು ನೋಡಲ್ಲ. ಹಾಗಾಗಿ ಲಿಸನರ್ ಒಳಗಿನ ಮೂರೂ ಸಾಲನ್ನು ಟ್ರೈ ಒಳಗೆ ಹಾಕಿ, ಕೆಳಗೆ ಇದನ್ನು ಸೇರಿಸಿ:

    } ಕ್ಯಾಚ್ (ನಂಬರ್‌ಫಾರ್ಮ್ಯಾಟ್‌ಎಕ್ಸೆಪ್ಷನ್ ತಪ್ಪು) {
        ಜೆಆಪ್ಷನ್‌ಪೇನ್.ಶೋಮೆಸೇಜ್‌ಡೈಲಾಗ್(ಫ್ರೇಮ್, "ಬರೀ ಅಂಕಿ ಹಾಕಿ, ಉದಾ: 50.5");
    }

ಕನ್ನಡ ಅಂಕಿಯಲ್ಲಿ ‘೫೦’ ಅಂತ ಹಾಕಿದರೆ? ಪಾರ್ಸ್‌ಡಬಲ್ ಒಪ್ಪಲ್ಲ, ಇದೇ ಸಂದೇಶ ಬರುತ್ತೆ. ಅಚ್ಚರಿ ಏನಂದರೆ ‘ಇಂಟಿಜರ್.ಪಾರ್ಸ್‌ಇಂಟ್’ ಅದೇ ೫೦ನ್ನು ಸಲೀಸಾಗಿ 50 ಅಂತ ಓದಿಕೊಳ್ಳುತ್ತೆ. ಒಂದೇ ಮನೆಯ ಎರಡು ಕ್ಲಾಸುಗಳಿಗೆ ಎರಡು ಬುದ್ಧಿ.

ದೊಡ್ಡ ಲಾಟ್ ಬಂದು ಮೊತ್ತ ಒಂದು ಕೋಟಿ ಮುಟ್ಟಿದರೆ ಉತ್ತರ ‘1.0ಇ7’ ಅಂತ ಕಾಣುತ್ತೆ. ಡಬಲ್ ಒಂದು ಕೋಟಿಯಿಂದ ಮೇಲೆ ಹೀಗೇ ಬರೆದುಕೊಳ್ಳುತ್ತೆ. ‘ಸ್ಟ್ರಿಂಗ್.ಫಾರ್ಮ್ಯಾಟ್’ನಲ್ಲಿ "%.2ಎಫ್" ಕೊಟ್ಟರೆ ಪೂರ್ತಿ ಅಂಕಿ, ಎರಡು ದಶಾಂಶ ಬರುತ್ತೆ. ನಿಜವಾದ ಹಣದ ಲೆಕ್ಕಕ್ಕಾದರೆ ಡಬಲ್ ಬಿಟ್ಟು, ದಶಾಂಶವನ್ನು ಇದ್ದ ಹಾಗೇ ಇಡುವ ಬಿಗ್‌ಡೆಸಿಮಲ್ ಕ್ಲಾಸ್ ಬಳಸಬೇಕು. ಡಬಲ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತೆ, ಪ್ರಿಂಟ್ ಮಾಡಿ ನೋಡಿ.

ಬೇರೆಯವರ ಕಂಪ್ಯೂಟರಿಗೆ ಕೊಡುವುದು

ಔಟ್ ಫೋಲ್ಡರನ್ನು ಹಾಗೇ ಹೊತ್ತೊಯ್ಯಬೇಕಿಲ್ಲ. ಕ್ಲಾಸ್ ಫೈಲ್‌ಗಳನ್ನೆಲ್ಲ ಒಂದೇ ಕಟ್ಟು ಮಾಡುವ ಜಾರ್ ಫೈಲ್ ಮಾಡಿ:

    ಜಾರ್ --ಕ್ರಿಯೇಟ್ --ಫೈಲ್ ತೊಗರಿ.ಜಾರ್ --ಮೇನ್-ಕ್ಲಾಸ್ ಗಂಜ್.ಕಿಟಕಿ.ಅಂಗಡಿ -ಸಿ ಔಟ್ .

ಇಲ್ಲಿ ‘-ಸಿ’ ದೊಡ್ಡಕ್ಷರದ್ದು, ಕೊನೆಯ ಚುಕ್ಕಿಯನ್ನು ಬಿಡಬೇಡಿ. ಔಟ್‌ನೊಳಗೆ ಹೋಗಿ ಅಲ್ಲಿರುವುದನ್ನೆಲ್ಲ ತಗೋ ಅಂತ ಅದರ ಅರ್ಥ. ‘-ಸಿ’ ಇಲ್ಲದೆ ಬರೀ ಔಟ್ ಅಂತ ಕೊಟ್ಟರೆ ಜಾರ್‌ನೊಳಗೆ ಔಟ್ ಅನ್ನೋ ಫೋಲ್ಡರೂ ಸೇರಿಕೊಂಡು, ಮತ್ತೆ ಒಂದು ಮೆಟ್ಟಿಲು ತಪ್ಪುತ್ತೆ.

ಇನ್ನೊಂದು ಕಂಪ್ಯೂಟರಿನಲ್ಲೂ ಜಾವಾ ಇರಬೇಕು, 65ನ್ನು ಓದುವಷ್ಟು ಹೊಸದೂ ಆಗಿರಬೇಕು. ಡಬಲ್ ಕ್ಲಿಕ್ ಮಾಡಿದರೆ ವಿನ್‌ರಾರ್ ತೆರೆದುಕೊಂಡರೆ ಗಾಬರಿ ಬೇಡ. ಜಾರ್ ಅಂದರೆ ಒಳಗೆ ಜಿಪ್ ಫೈಲೇ, ಅದಕ್ಕೇ ವಿನ್‌ರಾರ್ ಅದನ್ನು ತನ್ನದು ಅಂದುಕೊಂಡಿರುತ್ತೆ. ‘ಜಾವಾ -ಜಾರ್ ತೊಗರಿ.ಜಾರ್’ ಅಂತ ಕೊಟ್ಟು ಓಡಿಸಿ. ದಿನಾ ಟೈಪ್ ಮಾಡಲು ಬೇಜಾರಾದರೆ, ಪಕ್ಕದಲ್ಲೇ ‘ತೊಗರಿ.ಬ್ಯಾಟ್’ ಅಂತ ಫೈಲ್ ಮಾಡಿ ಈ ಒಂದು ಸಾಲು ಬರೆದಿಡಿ:

    ಸ್ಟಾರ್ಟ್ ಜಾವಾಡಬ್ಲ್ಯು -ಜಾರ್ ತೊಗರಿ.ಜಾರ್

ಜಾವಾಡಬ್ಲ್ಯು ಬಳಸಿದರೆ ಕಪ್ಪು ವಿಂಡೋ ಉಳಿಯಲ್ಲ. ಆದರೆ ಎರರ್‌ಗಳೂ ಕಣ್ಣಿಗೆ ಬೀಳಲ್ಲ. ಅದಕ್ಕೆ ಪರೀಕ್ಷೆ ಮಾಡುವಷ್ಟು ದಿನ ಬರೀ ಜಾವಾ ಇರಲಿ, ಅಂಗಡಿಗೆ ಕೊಡುವ ದಿನ ಡಬ್ಲ್ಯು ಸೇರಿಸಿ.